ಇಪ್ಪತ್ತೆಂಟು ಸಾವಿರ ಮನೆಗಳ ಹಕ್ಕು

ಎರಡನೆಯ ಕಸದ ಡಬ್ಬಿ ತಲೆಕೆಳಗಾಗುತ್ತಾ ಅರ್ಧದಲ್ಲೇ ನಿಂತುಬಿಟ್ಟಿತು. ಲೆನ್ ಲಿವರನ್ನು ಹಿಂದಕ್ಕೆಳೆದ, ಮುಂದಕ್ಕೆ ತಳ್ಳಿದ, ಲಾರಿಯ ಪಕ್ಕೆಗೆ ಅಂಗೈಯಿಂದ ಒಂದೇಟು ಕೊಟ್ಟ. ಕಬ್ಬಿಣದ ತೋಳು ಒಮ್ಮೆ ನಡುಗಿ ಡಬ್ಬಿಯನ್ನು ಪೂರ್ತಿ ಎತ್ತಿತು. ಒಳಗೆ ಬಿಸಿನೀರು ಚಿಮ್ಮತೊಡಗಿದ್ದೇ ತಡ, ಡಬ್ಬಿಯ ತಳಕ್ಕೆ ಕಚ್ಚಿಕೊಂಡಿದ್ದ ಯಾವುದೋ ಗಂಟು ಕಳಚಿಕೊಂಡು ಕೆಳಗಿನ ಟ್ಯಾಂಕಿಗೆ ದೊಪ್ಪೆಂದು ಬಿತ್ತು.

“ಏನದು?” ಅಂದಳು ಪಕ್ಕದಲ್ಲಿ ನಿಂತಿದ್ದ ಮಾರ್ಸಿ.

“ಡೈಪರ್.”

“ಪಾಪ, ಚಿಕ್ಕ ಮಗು ಇದೆಯಾ ಈ ಮನೇಲಿ?”

“ಮಗು ಇಲ್ಲ.”

ಮಾರ್ಸಿ ಒಂದು ಕ್ಷಣ ಮನೆಯ ಕಡೆ ನೋಡಿದಳು. ಕಿಟಕಿಯ ಪರದೆ ಅಲುಗಾಡಿತು. ಅವಳು ಮೂಗಿಗೆ ತೋಳು ಅಡ್ಡ ಹಿಡಿದು ನಗತೊಡಗಿದಳು. ಲೆನ್‌ಗೂ ನಗಬೇಕಿತ್ತು. ನಗು ಬರುವ ಜಾಗದಲ್ಲಿ ಏನೂ ಇರಲಿಲ್ಲ. ಅವನು ಕೊಕ್ಕೆ ಹಾಕಿದ ಉದ್ದನೆಯ ಕೋಲು ತೆಗೆದುಕೊಂಡು ಟ್ಯಾಂಕಿನ ಮುಚ್ಚಳ ಎತ್ತಿ ಗಂಟನ್ನು ಮೇಲಕ್ಕೆಳೆದ, ಕಪ್ಪು ಚೀಲಕ್ಕೆ ಹಾಕಿದ, ಚೀಲದ ಬಾಯಿ ಕಟ್ಟಿದ.

ಮಾರ್ಸಿ ಟೆಡೆಸ್ಕೊ ಐವತ್ತೊಂದರ ಹೆಂಗಸು. ಹಲ್ಲಿನ ಡಾಕ್ಟರರೊಬ್ಬರ ಕ್ಲಿನಿಕ್ಕಿನಲ್ಲಿ ಇಪ್ಪತ್ತೆರಡು ವರ್ಷ ಮುಂದಿನ ಮೇಜಿನಲ್ಲಿ ಕೂತು ಬಂದವರನ್ನು ಕೂರಿಸಿ, ಹೋಗುವವರಿಗೆ ಮುಂದಿನ ತಾರೀಕು ಕೊಟ್ಟವಳು. ಡಾಕ್ಟರರು ಕ್ಲಿನಿಕ್ಕನ್ನು ದೊಡ್ಡ ಕಂಪನಿಗೆ ಮಾರಿದ ಮೇಲೆ ಆ ಮೇಜಿನ ಜಾಗಕ್ಕೆ ಒಂದು ಕಂಪ್ಯೂಟರ್ ಪರದೆ ಬಂತು. ಇವತ್ತು ಅವಳು ಹೊಸ ರಬ್ಬರ್ ಬೂಟು ಹಾಕಿಕೊಂಡು ಲೆನ್‌ನ ಲಾರಿ ಹತ್ತಿದ್ದು ಅದನ್ನು ಕೊಳ್ಳಬೇಕೋ ಬೇಡವೋ ನೋಡಲಿಕ್ಕೆ. ಬರೀ ಲಾರಿಯನ್ನಲ್ಲ. ಲಾರಿ, ಅಂಗಿಯ ಮೇಲಿನ ಡೇಝಿ ಹೂವು, ‘ಡೇಝಿ ಬ್ಯಾರಲ್’ ಎಂಬ ಹೆಸರು, ಮತ್ತು ಈರಿ ಊರಿನಲ್ಲೂ ಅದರ ಸುತ್ತಲೂ ಇರುವ ಇಪ್ಪತ್ತೆಂಟು ಸಾವಿರ ಮನೆಗಳ ಕಸದ ಡಬ್ಬಿಗಳನ್ನು ಆ ಹೆಸರಿನಲ್ಲಿ ತೊಳೆಯುವ ಹಕ್ಕು.

ಆ ಹಕ್ಕು ಮೂರು ವರ್ಷದಿಂದ ಲೆನ್ ಗೊರ್ಸ್ಕಿಯದು.

ನಿನ್ನೆ ಮಧ್ಯಾಹ್ನ ಅರಿಜೋನಾದಲ್ಲಿರುವ ಡೇಝಿ ಬ್ಯಾರಲ್ ಕಂಪನಿಯ ಮುಖ್ಯ ಕಚೇರಿಯಿಂದ, ಈ ಹಕ್ಕುಗಳನ್ನು ಮಾರುವ ಕೋಲ್ಬಿ ಫೋನ್ ಮಾಡಿದ್ದ. ಕೋಲ್ಬಿಯ ದನಿಯಲ್ಲಿ ಯಾವಾಗಲೂ ಬಿಸಿಲು.

“ಬಾಸ್, ನಾಳೆ ಒಂದೇ ಒಂದಿನ. ಆಕೆ ಗಾಡಿಯಲ್ಲಿ ಬರ್ತಾರೆ, ಪ್ರಶ್ನೆ ಕೇಳ್ತಾರೆ, ನೀವು ನಗ್ತಾ ನಗ್ತಾ ಉತ್ತರ ಹೇಳ್ತೀರಿ. ಆಕೆ ಕೊಂಡ್ರೆ ಉಳಿದ ಏಳು ವರ್ಷದ ಕರಾರಿಂದ ನಿಮ್ಗೆ ಬಿಡುಗಡೆ. ಮನೆ ಪತ್ರದ ಮೇಲಿರೋ ನಮ್ಮ ಹಿಡಿತಾನೂ ಬಿಟ್ಬಿಡ್ತೀವಿ. ಡೊರೀನ್ ಮೇಡಂಗೂ ಹೇಳಿ.”

“ಕೊಳ್ಳದಿದ್ರೆ?”

“ಯಾಕೆ ಕೊಳ್ಳಲ್ಲ ಬಾಸ್? ಒಳ್ಳೇದನ್ನೇ ಯೋಚ್ನೆ ಮಾಡಿ.”

ಆ ಮನೆ ಡೊರೀನ್‌ಳ ತಾಯಿ ಬಿಟ್ಟುಹೋದದ್ದು. ಮೂರು ವರ್ಷದ ಹಿಂದೆ ಕಾಗದಗಳಿಗೆ ಸಹಿ ಹಾಕುವಾಗ ಹೆಂಡತಿಯ ಸಹಿಯೂ ಬೇಕೆಂದರು. ಅವಳು ಹಿಟ್ಟಿನ ಕೈ ಒರೆಸಿಕೊಂಡು ಅಡುಗೆಮನೆಯ ಮೇಜಿನ ಮೇಲೆ ಹಾಕಿದ್ದಳು. ಇವತ್ತು ಬೆಳಿಗ್ಗೆ ಪೆಪ್ಪರೋನಿ ಮಾಂಸ ತುಂಬಿದ ಬ್ರೆಡ್ ಉಂಡೆಗಳನ್ನು ಕಾಗದದ ಚೀಲಕ್ಕೆ ಹಾಕಿಕೊಡುತ್ತಾ, ಅವನ ಮುಖ ನೋಡದೆ ಅಂದಿದ್ದಳು: “ಆಕೆಗೂ ಕೊಡು. ಮುಖ ಒಂಚೂರು ಸಡಿಲ ಬಿಡು ಲೆನ್. ಸತ್ತವರ ಮನೆಗೆ ಹೋಗ್ತಿರೋನ ಥರ ಇರಬೇಡ. ಇದೊಂದು ದಿನ ನನಗೋಸ್ಕರ.”

“ಆಯ್ತು,” ಅಂದಿದ್ದ.

ಮುಂದಿನ ಬೀದಿಗೆ ಹೋಗುವ ಹೊತ್ತಿಗೆ ಕಸದ ಲಾರಿ ಆಗಲೇ ಬಂದು ಹೋಗಿತ್ತು. ಈ ಕೆಲಸದ ಕಟ್ಟುಪಾಡೇ ಅದು. ಕಸದವರು ಡಬ್ಬಿ ಖಾಲಿ ಮಾಡಿದ ಮೇಲೆ, ಮನೆಯವರು ಅದನ್ನು ಒಳಗೆ ಎಳೆದುಕೊಳ್ಳುವ ಮೊದಲು, ನಡುವಿನ ಒಂದೆರಡು ಗಂಟೆಯಲ್ಲಿ ತೊಳೆದು ಮುಗಿಸಬೇಕು. ಕಸದ ಲಾರಿ ಇವತ್ತು ಯಾವ ದಾರಿ ಹಿಡಿಯುತ್ತದೆ ಎಂದು ಯಾರೂ ಹೇಳುವುದಿಲ್ಲ. ಲೆನ್ ಅದರ ವಾಸನೆ ಹಿಡಿದುಕೊಂಡು ಹಿಂದೆ ಹೋಗುತ್ತಾನೆ. ಕೆಲವೊಮ್ಮೆ ಒಂದು ಬೀದಿಯಲ್ಲಿ ಒಂದೇ ಡಬ್ಬಿ. ಅದು ಮುಗಿದರೆ ಮುಂದಿನದು ಎಂಟು ಮೈಲಿ ಆಚೆ.

“ಈ ಕಡೆ ಯಾಕೆ ಯಾರದೂ ಡಬ್ಬಿ ಇಲ್ಲ?” ಮಾರ್ಸಿ ಕಿಟಕಿಯ ಹೊರಗೆ ನೋಡುತ್ತಾ ಕೇಳಿದಳು. ಬೀದಿಯ ಉದ್ದಕ್ಕೂ ಮನೆಗಳ ಮುಂದೆ ಬಿಳಿ ಚೀಲಗಳು ಸಾಲಾಗಿ ಕೂತಿದ್ದವು.

“ಇಲ್ಲಿ ಚೀಲದಲ್ಲಿ ಕಟ್ಟಿ ಇಡ್ತಾರೆ.”

“ಇಪ್ಪತ್ತೆಂಟು ಸಾವಿರದಲ್ಲಿ ಈ ಮನೆಗಳೂ ಸೇರಿವೆಯಾ?”

ಸೇರಿವೆ. ಚೀಲದ ಮನೆಗಳು, ಎಲ್ಲರಿಗೂ ಒಂದೇ ದೊಡ್ಡ ತೊಟ್ಟಿ ಇರುವ ಬಹುಮಹಡಿಗಳು, ಯಾರೂ ಇಲ್ಲದ ಖಾಲಿ ಮನೆಗಳು, ಎಲ್ಲ ಸೇರಿವೆ. ನಕ್ಷೆಯ ಮೇಲೆ ಮನೆ ಅಂದರೆ ಮನೆ. ಲೆನ್ ಗೇರ್ ಬದಲಿಸಿದ. “ನಗರಸಭೆಯೋರು ಹೊಸ ಡಬ್ಬಿ ಕೊಡೋ ಮಾತು ನಡೀತಾ ಇದೆ,” ಅಂದ. ಕೋಲ್ಬಿ ಹೇಳಿಕೊಟ್ಟ ಮಾತು. ಮಾರ್ಸಿ ಸಣ್ಣ ಪುಸ್ತಕದಲ್ಲಿ ಬರೆದುಕೊಂಡಳು.

ಲೆನ್ ಇಪ್ಪತ್ತಾರು ವರ್ಷ ರೈಲು ಎಂಜಿನ್ ಕಟ್ಟುವ ಕಾರ್ಖಾನೆಯಲ್ಲಿದ್ದವನು. ಅಲ್ಲಿ ಕಾಗದದ ಮೇಲೆ ಒಂದು ಅಂಕಿ ಇದೆಯೆಂದರೆ ಯಾರೋ ಅಳೆದಿದ್ದಾರೆ, ಇನ್ನೊಬ್ಬ ಪರೀಕ್ಷಿಸಿದ್ದಾನೆ, ತಪ್ಪಾಗಿದ್ದರೆ ಮೂರನೆಯವನ ಕೆಲಸ ಹೋಗಿದೆ ಎಂದು ಅರ್ಥ. ಹಕ್ಕು ಕೊಳ್ಳುವ ಮುಂಚೆ ಡೇಝಿ ಬ್ಯಾರಲ್ ಕಂಪನಿ ಕೊಟ್ಟ ಇನ್ನೂರ ಹನ್ನೆರಡು ಪುಟದ ಪುಸ್ತಕವನ್ನು ಅವನು ಎಂಜಿನ್ನಿನ ನಕ್ಷೆ ಓದಿದ ಹಾಗೆ ಓದಿದ್ದ, ಪೆನ್ಸಿಲ್ ಹಿಡಿದುಕೊಂಡು, ಎರಡು ಸಲ. ಪಂಪಿನ ಒತ್ತಡ ಎಷ್ಟು, ಟ್ಯಾಂಕಿನ ತಗಡು ಎಷ್ಟು ದಪ್ಪ, ಎಲ್ಲ ಲೆಕ್ಕಹಾಕಿ ಸರಿಯಾಗಿದೆಯೆಂದು ತಲೆದೂಗಿದ್ದ. ಯಂತ್ರ ಸರಿಯಾಗಿಯೇ ಇತ್ತು. ಈಗಲೂ ಇದೆ. ಲಿವರ್ ಒಂದೊಂದು ಸಲ ಕಚ್ಚಿಕೊಳ್ಳುತ್ತದೆ, ಅಷ್ಟೇ.

ಲಾರೆನ್ಸ್ ಪಾರ್ಕ್ ಬಡಾವಣೆಯ ಸಾಲುಮನೆಗಳ ಮುಂದೆ ಚೆಸ್ಟರ್ ಝಿಮ್ನಿ ತನ್ನ ಡಬ್ಬಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದ. ಕಾರ್ಖಾನೆಯಲ್ಲಿ ಲೆನ್‌ನ ಜೊತೆಗಿದ್ದವನು. ನಿವೃತ್ತನಾಗಿ ನಾಲ್ಕು ವರ್ಷವಾಗಿತ್ತು.

“ಓಹೋ, ಬಂದ್ರಪ್ಪ ಹೂವಿನ ಅಂಗಿ ಸಾಹೇಬ್ರು! ಇವತ್ತು ಜೊತೆಗೆ ಇನ್ನೊಬ್ರೂ ಇದ್ದಾರೆ. ಡೊರೀನ್‌ಗೆ ಗೊತ್ತೇನೋ?”

“ಸುಮ್ನಿರೋ ಚೆಸ್ಟರ್.”

“ನೋಡಿ ಅಮ್ಮಾ,” ಚೆಸ್ಟರ್ ಮಾರ್ಸಿಯ ಕಡೆ ತಿರುಗಿದ, “ಈ ಕೈ ಇದೆಯಲ್ಲ, ಇದು ಇನ್ನೂರು ಟನ್ ಎಂಜಿನ್ ಕಟ್ಟಿದ ಕೈ. ಈಗ ನನ್ನ ಕಸದ ಡಬ್ಬಿಗೆ ಎಣ್ಣೆ ಸ್ನಾನ ಮಾಡಿಸ್ತಾ ಇದೆ. ನನ್ನ ಹೆಂಡ್ತಿ ಹೇಳ್ತಾಳೆ, ಡಬ್ಬಿ ನಿನಗಿಂತ ಶುಚಿಯಾಗಿದೆ ಅಂತ.”

“ತೊಳೆಸಿದ್ದಕ್ಕೆ ಖುಷಿ ಇದೆಯಾ ನಿಮ್ಗೆ?” ಮಾರ್ಸಿ ಪುಸ್ತಕ ತೆಗೆದಳು.

“ಖುಷಿ? ಇವನು ನಮ್ಮವನು ಅಂತ ತೊಳೆಸ್ತೀನಿ ಕಣಮ್ಮಾ. ಇಲ್ದಿದ್ರೆ ನಮ್ಮನೇಲಿ ನಲ್ಲಿ ಇಲ್ವಾ, ಪೈಪ್ ಇಲ್ವಾ? ನಮ್ಮ ವಿಭಾಗದೋರು ನಲ್ವತ್ತು ಜನ ಇದ್ದೀವಿ. ಎಲ್ರೂ ಹೀಗೇ.”

ಲೆನ್ ಲಿವರ್ ಎಳೆದ. ನೀರಿನ ಸದ್ದಿನಲ್ಲಿ ಉಳಿದದ್ದು ಕೇಳಿಸಲಿಲ್ಲ. ಗಿರಾಕಿಗಳು ಎಷ್ಟು ಜನ ಎಂದು ಅವನಿಗೆ ಗೊತ್ತಿತ್ತು, ನೂರ ನಲ್ವತ್ತು. ಆದರೆ ಅದರಲ್ಲಿ ನಲ್ವತ್ತು ಜನ ತನ್ನನ್ನು ನೋಡಿ ಅಯ್ಯೋ ಅನ್ನಿಸಿ ಕೊಡುವವರು ಎಂದು ಯಾರೂ ಇಷ್ಟು ಜೋರಾಗಿ ಹೇಳಿರಲಿಲ್ಲ. ನೋವಾಗಬೇಕಿತ್ತು. ಹಲ್ಲು ಕೀಳುವ ಮುಂಚೆ ಕೊಡುವ ಸೂಜಿಯಾದ ಮೇಲೆ ತುಟಿ ಮುಟ್ಟಿಕೊಂಡರೆ ಹೇಗೋ ಹಾಗಿತ್ತು, ಯಾರದೋ ತುಟಿ ಮುಟ್ಟಿದಂತೆ.

ಲಾರಿ ಹತ್ತಿದ ಮೇಲೆ ಮಾರ್ಸಿ ಅಂದಳು, “ಇದು ಒಳ್ಳೇದೇ ಅಲ್ವಾ? ಬಾಯಿಂದ ಬಾಯಿಗೆ ಹೋಗುತ್ತೆ. ಜಾಹೀರಾತೇ ಬೇಡ.”

ಅವಳು ಚೆಸ್ಟರ್ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿದ್ದಳು. ತನಗೆ ಬೇಕಾದ ಹಾಗೆ ಕೇಳಿಸಿಕೊಂಡಿದ್ದಳು. ಲೆನ್ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದ. ಕಿವಿಯಲ್ಲಿ ಸಣ್ಣ ಮುತ್ತು. ಪುಸ್ತಕದ ಅಂಚಿಗೆ ಬಣ್ಣಬಣ್ಣದ ಚೀಟಿಗಳನ್ನು ಅಂಟಿಸಿಕೊಂಡಿದ್ದಳು.

ಮಧ್ಯಾಹ್ನ ಸರೋವರದ ದಂಡೆಯಲ್ಲಿ ಲಾರಿ ನಿಲ್ಲಿಸಿದರು. ಅಕ್ಟೋಬರ್ ಗಾಳಿ ನೀರನ್ನು ಬೂದಿ ಬಣ್ಣಕ್ಕೆ ತಿರುಗಿಸಿತ್ತು. ಮಾರ್ಸಿ ಡೊರೀನ್ ಕೊಟ್ಟ ಉಂಡೆಯನ್ನು ಕಚ್ಚಿ, “ಅಬ್ಬಾ, ನಮ್ಮಮ್ಮ ಮಾಡ್ತಿದ್ಲು ಹೀಗೆ,” ಅಂದಳು. ಎರಡು ತಿಂದು, ಬೆರಳು ಒರೆಸಿಕೊಂಡು, ಹಳದಿ ಚೀಟಿಯ ಪುಟ ತೆರೆದಳು.

“ಈಗ ನಿಜವಾದ ಪರೀಕ್ಷೆ. ಹತ್ತು ಪ್ರಶ್ನೆ. ಬೇಜಾರ್ ಇಲ್ವಲ್ಲ?”

“ಕೇಳಿ.”

ಅವೇ ಪ್ರಶ್ನೆಗಳು. ಮುಖ್ಯ ಕಚೇರಿಯವರು ಸಹಾಯಕ್ಕೆ ಬರುತ್ತಾರಾ? ತರಬೇತಿ ಸಾಕಾಯಿತಾ? ಮೂರು ವರ್ಷದ ಹಿಂದೆ ಲೆನ್ ಕೂಡ ಒಂದು ಕಾಗದದಲ್ಲಿ ಹೀಗೇ ಬರೆದುಕೊಂಡು ಬೇರೆ ಊರುಗಳಲ್ಲಿ ಆಗಲೇ ಹಕ್ಕು ಕೊಂಡಿದ್ದವರದೆಂದು ಕೋಲ್ಬಿ ಕೊಟ್ಟ ಆರು ನಂಬರುಗಳಿಗೆ ಫೋನ್ ಮಾಡಿದ್ದ. ಮಿಸ್ಸೋರಿಯ ವೆಂಡೆಲ್ ಎಂಬವನು ಎಲ್ಲರಿಗಿಂತ ಚೆನ್ನಾಗಿ ಮಾತಾಡಿದ. ನಿಧಾನದ ದನಿ. ‘ನೀನು ಎಷ್ಟು ಹಾಕ್ತೀಯೋ ಅಷ್ಟು ಬರುತ್ತೆ ತಮ್ಮಾ,’ ಅಂದ. ಫೋನ್ ಇಟ್ಟು ಲೆನ್ ಡೊರೀನ್‌ಗೆ ಹೇಳಿದ್ದ, ಇವನೊಬ್ಬ ಸಾಕು, ಇವನು ನಮ್ಮ ಥರದವನು ಎಂದು. ಎಂಟು ತಿಂಗಳಾದ ಮೇಲೆ ಕಂಪನಿಯ ಪತ್ರದಲ್ಲಿ ಮಾರಾಟಕ್ಕಿರುವ ಜಾಗಗಳ ಪಟ್ಟಿಯಲ್ಲಿ ವೆಂಡೆಲ್‌ನ ಊರಿನ ಹೆಸರು ಕಂಡಿತು. ಲೆನ್ ಅವನಿಗೆ ಮತ್ತೆ ಫೋನ್ ಮಾಡಲಿಲ್ಲ. ಮಾಡಿ ಏನು ಕೇಳುವುದು?

“ಒಳ್ಳೇ ಸಂಪಾದನೆ ಇದೆಯಾ?” ಮಾರ್ಸಿ ಕೇಳುತ್ತಿದ್ದಳು.

“ನೀವು ಎಷ್ಟು ಹಾಕ್ತೀರೋ ಅಷ್ಟು ಬರುತ್ತೆ,” ಅಂದ ಲೆನ್.

ಅದು ನಿಧಾನದ ದನಿಯಲ್ಲೇ ಬಂತು. ಅವನು ತನ್ನ ಬಾಯಿಂದ ಹೊರಬಿದ್ದ ಆ ಮಾತನ್ನು ಗಾಜಿನ ಆಚೆ ಹೋಗುವ ವಾಹನ ನೋಡಿದ ಹಾಗೆ ನೋಡಿದ. ಮಾರ್ಸಿ ತಲೆಯಾಡಿಸಿ ಅದನ್ನು ಬರೆದು, ಕೆಳಗೆ ಒಂದು ಗೆರೆ ಎಳೆದಳು.

“ನಿಮ್ಮ ಮಾತು ಕೇಳಿದ್ರೆ ಧೈರ್ಯ ಬರುತ್ತೆ ಲೆನ್. ನಿಜ ಹೇಳ್ತೀನಿ, ಕೋಲ್ಬಿ ನಂಬರ್ ಕೊಟ್ಟ ಬಾಕಿ ಐದು ಜನ ಸಿಕ್ಕಾಪಟ್ಟೆ ಜೋರಾಗಿ ಹೊಗಳಿದ್ರು. ನೀವು ನಮ್ಮ ಥರದವರು.” ಅವಳು ಪುಟ ಮಗುಚಿದಳು. “ನಿವೃತ್ತಿಗೆ ಅಂತ ಇಟ್ಟಿದ್ದ ದುಡ್ಡಷ್ಟನ್ನೂ ಇದಕ್ಕೆ ತಿರುಗಿಸಬಹುದಂತೆ, ತೆರಿಗೆ ಇಲ್ದೆ. ಕೋಲ್ಬಿನೇ ಯಾರೋ ವಕೀಲರ ಕೈಲಿ ಮಾಡಿಸಿಕೊಡ್ತಾರಂತೆ. ನೀವೂ ಹಾಗೇ ಮಾಡಿದ್ರಾ?”

“ಹ್ಞೂಂ.”

“ಮನೆ ಮೇಲೂ ಒಂದು ಸಹಿ ಕೇಳ್ತಾರೆ.”

“ಹ್ಞೂಂ.”

“ನಾನು ಒಬ್ಳೇ. ಹಾಳಾದ್ರೆ ಬೈಯೋಕೆ ಗಂಡನೂ ಇಲ್ಲ, ಅದೊಂದು ಲಾಭ,” ಎಂದು ನಕ್ಕಳು. “ಸರಿ, ಕೊನೇದು. ಜನವರಿಯಲ್ಲಿ ಏನ್ ಮಾಡ್ತೀರಿ?”

ಇದಕ್ಕೂ ಮಾತು ಸಿದ್ಧವಿತ್ತು. ಉತ್ತರದ ಊರುಗಳಿಗೆ ಚಳಿಗಾಲವೆಂದರೆ ಗಿರಾಕಿಗಳ ಜೊತೆ ಬಾಂಧವ್ಯ ಬೆಳೆಸುವ ಕಾಲ. ಕೋಲ್ಬಿ ಎರಡು ಸಲ ಹೇಳಿಸಿದ್ದ. ಲೆನ್ ಬಾಯಿ ತೆರೆದ. ಹೊರಗೆ ಒಂದು ಕಡಲಹಕ್ಕಿ ಯಾರೋ ಬಿಸಾಡಿದ ಬ್ರೆಡ್ಡನ್ನು ಎಳೆದಾಡುತ್ತಿತ್ತು. ಇಷ್ಟು ಹೊತ್ತು ಸುಳ್ಳು ಹೇಳಿದ್ದಕ್ಕೆ ನಾಚಿಕೆ ಆಯಿತೆಂದಲ್ಲ. ಆ ವಾಕ್ಯ ಬಹಳ ಉದ್ದವಿತ್ತು. ಅಷ್ಟುದ್ದದ್ದನ್ನು ಎತ್ತಲು ಅವನಲ್ಲಿ ತ್ರಾಣ ಇರಲಿಲ್ಲ.

“ಏನೂ ಮಾಡಲ್ಲ,” ಅಂದ. “ನೀರು ಹೆಪ್ಪುಗಟ್ಟುತ್ತೆ.”

“ಅಂದ್ರೆ?”

“ನವೆಂಬರ್ ಅರ್ಧದಿಂದ ಏಪ್ರಿಲ್‌ವರೆಗೂ ಗಾಡಿ ಶೆಡ್ಡಲ್ಲಿರುತ್ತೆ. ಮೊದಲನೇ ವರ್ಷ ಡಿಸೆಂಬರ್‌ನಲ್ಲಿ ತೊಳೆಯೋಕೆ ಹೋದೆ. ಪಂಪ್ ಒಡೀತು. ತೊಳೆದ ಡಬ್ಬಿ ಮುಚ್ಚಳ ಅಂಟಿಕೊಂಡು ಜನ ಬೈದ್ರು. ಅರಿಜೋನಾದಲ್ಲಿ ಕೂತೋರು ಹನ್ನೆರಡು ತಿಂಗಳ ಲೆಕ್ಕ ಬರ್ದಿದ್ದಾರೆ. ಅಲ್ಲಿ ಹನ್ನೆರಡು ತಿಂಗಳೂ ಬಿಸಿಲು. ಅವರ ಪಾಲನ್ನ ಮಾತ್ರ ಹನ್ನೆರಡು ತಿಂಗಳೂ ಕಟ್ಟಬೇಕು, ತೊಳೆದ್ರೂ ತೊಳೀದಿದ್ರೂ. ಈ ವರ್ಷ ಡೊರೀನ್ ಸ್ಕೂಲ್ ಊಟದ ಮನೇಲಿ ಎರಡು ಪಾಳಿ ಮಾಡಿ ಕಟ್ಟಿದ್ಲು. ಮನೆಗಳಲ್ಲಿ ಅರ್ಧ ಚೀಲದ ಮನೆ. ಹೊಸ ಡಬ್ಬಿ ಯಾರೂ ಕೊಡ್ತಾ ಇಲ್ಲ. ನಾನು ಸುಳ್ಳು ಹೇಳ್ದೆ.”

ಅವನು ಇದನ್ನೆಲ್ಲ ಒಂದೇ ದನಿಯಲ್ಲಿ ಹೇಳಿದ, ಅಂಗಡಿ ಸಾಮಾನಿನ ಪಟ್ಟಿ ಓದಿದ ಹಾಗೆ. ಮಾರ್ಸಿಯ ಪೆನ್ನು ನಿಂತಿತ್ತು.

“ಕಂಪನಿ ಕೊಡೋ ಆ ದಪ್ಪ ಪುಸ್ತಕದ ಕೊನೇ ಪುಟಗಳಲ್ಲಿ ಬಿಟ್ಟು ಹೋದೋರ ಹೆಸ್ರು ಇರುತ್ತೆ, ಫೋನ್ ನಂಬರ್ ಸಮೇತ. ಕಾನೂನು ಪ್ರಕಾರ ಹಾಕಲೇಬೇಕು. ಮೂವತ್ತೊಂದು ಜನ ಇದ್ರು ನಾನು ಕೊಂಡಾಗ. ಅವರಿಗೆ ಫೋನ್ ಮಾಡಿ.”

“ನೀವು ಮಾಡಿದ್ರಾ?”

“ಇಲ್ಲ.”

“ಯಾಕೆ?”

“ಸೋತೋರ ಹತ್ರ ಏನು ಕೇಳೋದು ಅಂದ್ಕೊಂಡೆ.”

ಮಾರ್ಸಿ ಪುಸ್ತಕ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡಳು. ಇನ್ನು ಅವಳು ತನ್ನ ಕಾರಿನ ಹತ್ತಿರ ಬಿಡಿ ಎನ್ನುತ್ತಾಳೆ ಎಂದು ಲೆನ್ ಕೀಲಿಗೆ ಕೈ ಹಾಕಿದ.

“ನಾನು ಹುಟ್ಟಿದ್ದೇ ಈ ಊರಲ್ಲಿ,” ಅಂದಳು. “ಜನವರಿಯಲ್ಲಿ ನೀರು ಹೆಪ್ಪುಗಟ್ಟುತ್ತೆ ಅಂತ ನನಗೆ ಹೇಳ್ಕೊಡಬೇಕಾ? ನೀವು ಹೇಳ್ತೀರೋ ಇಲ್ವೋ ನೋಡೋಕೆ ಕೇಳ್ದೆ.”

“ಹಾಗಾದ್ರೆ ಸರಿ.”

“ಏನು ಸರಿ? ಬೇಜಾರ್ ಮಾಡ್ಕೋಬೇಡಿ ಲೆನ್. ನೀವು ಒಳ್ಳೆಯವರು, ಯಂತ್ರ ಗೊತ್ತು. ಆದ್ರೆ ನಿಮಗೆ ಮಾರೋಕೆ ಬರಲ್ಲ. ಬೆಳಗಿಂದ ನೋಡ್ತಾ ಇದ್ದೀನಿ, ಒಂದು ಮನೆ ಬಾಗಿಲಾದ್ರೂ ತಟ್ಟಿದ್ರಾ? ನಾನು ಇಪ್ಪತ್ತೆರಡು ವರ್ಷ ಹಲ್ಲು ನೋವಿರೋರನ್ನ ನಗಿಸಿ ಕೂರಿಸಿದ್ದೀನಿ. ಹೋಟೆಲ್‌ಗಳಿವೆ, ಚರ್ಚ್‌ಗಳಿವೆ, ಆಸ್ಪತ್ರೆ ಹಿಂದೆ ಸಾಲಾಗಿ ತೊಟ್ಟಿಗಳಿವೆ. ಬಿಸಿ ಶೆಡ್ ಒಂದು ಹಿಡಿದ್ರೆ ಚಳಿಗಾಲದಲ್ಲೂ ಒಳಗೆ ತಂದು ತೊಳೀಬಹುದು.”

ಲೆನ್‌ಗೆ ಆ ಮಾತುಗಳೆಲ್ಲ ಗೊತ್ತಿದ್ದವು. ವೆಂಡೆಲ್‌ನ ಊರಿನ ಹೆಸರನ್ನು ಆ ಪಟ್ಟಿಯಲ್ಲಿ ಕಂಡ ದಿನ ತಾನೂ ಡೊರೀನ್‌ಗೆ ಇಂಥದ್ದನ್ನೇ ಹೇಳಿದ್ದ. ಪಾಪ ಮುದುಕ, ಯಂತ್ರ ನೋಡಿಕೊಳ್ಳಲು ಬಂದಿರಲಿಕ್ಕಿಲ್ಲ ಎಂದು.

ಆಗಲೇ ಮಾರ್ಸಿಯ ಫೋನ್ ಹೊಡೆದುಕೊಂಡಿತು. ಅವಳು ಇಬ್ಬರಿಗೂ ಕೇಳುವ ಹಾಗೆ ಇಟ್ಟಳು.

“ಹೇಗಿದೆ ನಮ್ಮ ಸವಾರಿ?” ಕೋಲ್ಬಿಯ ಬಿಸಿಲು ಲಾರಿಯ ತುಂಬ ಹರಡಿತು.

“ಚೆನ್ನಾಗಿದೆ ಕೋಲ್ಬಿ. ಲೆನ್ ಎಲ್ಲ ಇದ್ದದ್ದು ಇದ್ದ ಹಾಗೆ ಹೇಳಿದ್ರು. ನಾನು ತಗೋತೀನಿ.”

ಆ ಕಡೆ ಯಾರೋ ಚಪ್ಪಾಳೆ ತಟ್ಟಿದರು. “ನೋಡಿದ್ರಾ ಬಾಸ್! ನಾನು ಹೇಳ್ಲಿಲ್ವಾ? ಈಗಲೇ ವರ್ಗಾವಣೆ ಪತ್ರ ಕಳಿಸ್ತೀನಿ. ಲೆನ್ ಬಾಸ್, ಮೊದಲು ನಿಮ್ಮ ಸಹಿ, ಬಿಡುಗಡೆ ಪತ್ರದ್ದೂ ಅದರಲ್ಲೇ ಇದೆ. ಬೆರಳಲ್ಲಿ ಗೀಚಿದ್ರೆ ಆಯ್ತು. ಇವತ್ತು ಸಂಜೆಗೆ ಮನೆ ನಿಮ್ದು.”

ಫೋನ್ ಕಟ್ಟಾಯಿತು. ಲೆನ್‌ನ ಜೇಬಿನಲ್ಲಿ ಫೋನ್ ಗುರ್ ಅಂತು. ಕೋಲ್ಬಿಯ ಪತ್ರ ಬಂದಿತ್ತು. ಅದರ ಮೇಲೆ ಡೊರೀನ್‌ಳ ಸಂದೇಶವೂ ಕೂತಿತ್ತು: ಏನಾಯ್ತು? ಲೆನ್ ಪತ್ರ ತೆರೆದ. ತನ್ನ ಹೆಸರು, ಮಾರ್ಸಿಯ ಹೆಸರು, ಕೆಳಗೆ ಖಾಲಿ ಗೆರೆ. ಅವನು ಅದನ್ನು ನೋಡುತ್ತಾ ಕೂತ. ಮನೆಯ ಮೆಟ್ಟಿಲು, ಅಡುಗೆಮನೆಯ ಮೇಜು, ಅತ್ತೆ ನೆಟ್ಟ ಲಿಲಾಕ್ ಗಿಡ ಒಂದೊಂದಾಗಿ ಬಂದು ಹೋದವು. ಅವು ಬಂದು ಹೋದರೂ ಬೆರಳು ಅಲುಗಾಡಲಿಲ್ಲ. ಆಮೇಲೆ ಫೋನನ್ನು ಡ್ಯಾಶ್‌ಬೋರ್ಡಿನ ಮೇಲೆ ಕವುಚಿ ಇಟ್ಟ.

“ಏನ್ ಯೋಚ್ನೆ?” ಅಂದಳು ಮಾರ್ಸಿ.

“ಬೇರೆ ಏನಾದ್ರೂ ತಗೊಳ್ಳಿ. ಇದು ಬೇಡ.”

“ನನಗೆ ಬೇಕೋ ಬೇಡ್ವೋ ನಾನು ಹೇಳ್ತೀನಿ ಕಣ್ರೀ. ನನ್ನ ದುಡ್ಡು ಅದು.” ಅವಳ ಕುತ್ತಿಗೆ ಕೆಂಪಾಯಿತು. “ಇದು ಬಿಟ್ರೆ ಹತ್ತಿರದಲ್ಲಿ ಮಾರಾಟಕ್ಕಿರೋದು ಓಹಾಯೋದಲ್ಲಿ, ಎರಡೂವರೆ ಗಂಟೆ ದಾರಿ. ನೀವೇನು ನನಗೆ ಅಪ್ಪನಾ? ಅಣ್ಣನಾ? ನಲ್ವತ್ತು ಜನ ನಿಮ್ಮ ಮುಖ ನೋಡಿ ಕನಿಕರ ಪಡ್ತಾರೆ ಅಂತ ನೀವು ನನ್ನ ಮುಖ ನೋಡಿ ಕನಿಕರ ಪಡ್ಬೇಡಿ.”

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ತನ್ನಲ್ಲಿ ಕನಿಕರ ಇತ್ತೆಂದೇ ಲೆನ್‌ಗೆ ಅನ್ನಿಸಲಿಲ್ಲ. ಗಾಳಿ ಜೋರಾಗಿ ಲಾರಿ ಒಮ್ಮೆ ತೂಗಿತು.

ಮಾರ್ಸಿ ಉಸಿರು ಬಿಟ್ಟಳು. ದನಿ ಇಳಿಸಿದಳು. ಹಲ್ಲು ನೋವಿನವರ ಜೊತೆ ಮಾತಾಡುತ್ತಿದ್ದದ್ದು ಹೀಗೇ ಇರಬೇಕು.

“ಸರಿ, ಕೇಳಿ ಇಲ್ಲಿ. ನಿಮಗೆ ಕೆಲಸ ಹೋಗುತ್ತೆ ಅಂತ ಇದ್ರೆ, ಗಾಡಿ ನೀವೇ ಓಡ್ಸಿ. ನಾನು ಸಂಬಳ ಕೊಡ್ತೀನಿ. ಬರ್ದು ಕೊಡ್ತೀನಿ. ಬಾಗಿಲು ತಟ್ಟೋದು ನಂದು, ಯಂತ್ರ ನಿಮ್ದು. ಚಳಿಗಾಲದ ಐದು ತಿಂಗಳೂ ಕೊಡ್ತೀನಿ, ಗಾಡಿ ಹೊರಡಲಿ ಬಿಡಲಿ. ಮನೆ ಉಳಿಯುತ್ತೆ, ಕೆಲಸ ಉಳಿಯುತ್ತೆ, ಡೊರೀನ್ ಒಂದೇ ಪಾಳಿ ಮಾಡ್ಲಿ.” ಅವಳು ಕವುಚಿಟ್ಟ ಫೋನನ್ನು ಎತ್ತಿ, ಖಾಲಿ ಗೆರೆ ಕಾಣುವ ಹಾಗೆ ತಿರುಗಿಸಿ, ಅವನ ಕೈಗೆ ಹಿಡಿಸಿದಳು. “ಇನ್ನೇನು ಬೇಕು ನಿಮ್ಗೆ? ಹಾಕಿ ಸಹಿ.”

“ಹಾಕಲ್ಲ,” ಅಂದ ಲೆನ್.